ಲೀಸ್ ಮುಗಿದ ಕಾರನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳುವುದು ಹೇಗೆ?

ಬೆಂಗಳೂರಿನ ಕಂಪನಿಗಳಲ್ಲಿ ಸಂಬಳದ ಭಾಗವಾಗಿ ಕಾರು ಲೀಸ್ ಪಡೆದವರು ಅವಧಿ ಮುಗಿಯುವ ಹೊತ್ತಿಗೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಇಷ್ಟು ವರ್ಷ ಓಡಿಸಿದ ಕಾರನ್ನು ನಾನೇ ಇಟ್ಟುಕೊಳ್ಳಬೇಕಾದರೆ ಲೀಸ್ ಕಂಪನಿಗೆ ಎಷ್ಟು ಕೊಡಬೇಕು? ಪ್ರಶ್ನೆ ಸಹಜವೇ. ಆದರೆ ಇಂಥ ಖರೀದಿಯಲ್ಲಿ ಬೆಲೆಯಿಂದ ಬರುವ ತೊಡಕು ಕಡಿಮೆ, ಕಾಗದಪತ್ರಗಳಿಂದ ಬರುವ ತೊಡಕು ಹೆಚ್ಚು. ಹಣ ಕಟ್ಟಿ ತಿಂಗಳುಗಳು ಕಳೆದರೂ ಆರ್‌ಸಿಯಲ್ಲಿ, ಅಂದರೆ ವಾಹನದ ನೋಂದಣಿ ಪತ್ರದಲ್ಲಿ, ಲೀಸ್ ಕಂಪನಿಯ ಹೆಸರೇ ಉಳಿದಿದ್ದು, ಮಾರಲೂ ಆಗದೆ ವಿಮೆ ಬದಲಿಸಲೂ ಆಗದೆ ಕುಳಿತಿರುವವರಿದ್ದಾರೆ. ಆದ್ದರಿಂದ ಈ ಮಾರ್ಗದರ್ಶಿಯನ್ನು ಬೆಲೆಯಿಂದ ಅಲ್ಲ, ಆರ್‌ಸಿಯಿಂದ ಶುರುಮಾಡಿದ್ದೇನೆ.

ಮೊದಲು ಎರಡು ಮಾತು ಪರಿಭಾಷೆಯ ಬಗ್ಗೆ. ಈ ವ್ಯವಹಾರದಲ್ಲಿ ಮೂರು ಪಕ್ಷಗಳಿರುತ್ತವೆ. ಹಣ ಹಾಕಿ ಕಾರು ಕೊಂಡದ್ದು ಲೀಸ್ ಕಂಪನಿ, ಅದನ್ನು ಬಾಡಿಗೆಗೆ ಪಡೆದದ್ದು ನಿಮ್ಮ ಕಂಪನಿ, ಓಡಿಸುತ್ತಿರುವವರು ನೀವು. ತಿಂಗಳ ಬಾಡಿಗೆಯನ್ನು ನಿಮ್ಮ ಸಂಬಳದಲ್ಲಿ ತೆರಿಗೆ ಲೆಕ್ಕ ಹಾಕುವ ಮೊದಲೇ ಕಳೆಯುವುದರಿಂದ ಈ ಏರ್ಪಾಡು ಲಾಭದಾಯಕವೆನಿಸುತ್ತದೆ. ಬಾಡಿಗೆ ನಿಗದಿ ಮಾಡುವಾಗ ಕಾರಿನ ಪೂರ್ತಿ ಬೆಲೆಯನ್ನು ವಸೂಲಿ ಮಾಡುವುದಿಲ್ಲ. ಕೊನೆಯಲ್ಲಿ ಕಾರಿಗೆ ಇಷ್ಟು ಬೆಲೆ ಉಳಿದಿರುತ್ತದೆ ಎಂದು ಅಂದಾಜು ಮಾಡಿ ಅಷ್ಟನ್ನು ಬಿಟ್ಟಿರುತ್ತಾರೆ. ಹೀಗೆ ಬಿಟ್ಟ ಮೊತ್ತವೇ ಉಳಿಕೆ ಮೌಲ್ಯ, ಅಂದರೆ ರೆಸಿಡ್ಯುಯಲ್ ವ್ಯಾಲ್ಯೂ. ನೀವು ಕಾರು ಕೊಳ್ಳುವ ಬೆಲೆಗೆ ಇದೇ ಅಡಿಪಾಯ.

ಇಲ್ಲಿ ಹೇಳಿರುವುದು ಅವಧಿ ಪೂರ್ತಿಯಾದ ಲೀಸಿಗೆ. ಮಧ್ಯದಲ್ಲೇ ಕೆಲಸ ಬಿಟ್ಟವರಿಗೆ ಉಳಿದ ಬಾಡಿಗೆ, ಅವಧಿಗೆ ಮೊದಲೇ ಲೀಸ್ ಮುಗಿಸುವುದಕ್ಕೆ ಹಾಕುವ ಫೋರ್‌ಕ್ಲೋಷರ್ ಶುಲ್ಕ ಮತ್ತು ಅದರ ಮೇಲಿನ ತೆರಿಗೆ ಸೇರಿ ಲೆಕ್ಕವೇ ಬೇರೆಯಾಗುತ್ತದೆ. ಅಂಥವರು ಹೊಸ ಕಂಪನಿಗೂ ಅದೇ ಲೀಸ್ ಸಂಸ್ಥೆಯೊಂದಿಗೆ ಒಪ್ಪಂದವಿದೆಯೇ, ಲೀಸನ್ನು ಅಲ್ಲಿಗೆ ವರ್ಗಾಯಿಸಲು ಸಾಧ್ಯವೇ ಎಂದು ಮೊದಲು ವಿಚಾರಿಸುವುದು ಒಳ್ಳೆಯದು.

1. ಆರ್‌ಸಿಯಲ್ಲಿ ಯಾರ ಹೆಸರಿದೆ ನೋಡಿ

ಆರ್‌ಸಿ ಕಾರ್ಡನ್ನೋ ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿರುವ ಪ್ರತಿಯನ್ನೋ ತೆರೆದು ಮೂರು ಸಾಲುಗಳನ್ನು ಓದಿ: ಮಾಲೀಕರ ಹೆಸರು, ಹಣಕಾಸು ಸಂಸ್ಥೆಯ ಹೆಸರು, ಮಾಲೀಕರ ಕ್ರಮಸಂಖ್ಯೆ. ಮುಂದಿನ ಕೆಲಸವೆಲ್ಲ ಈ ಮೂರು ಸಾಲುಗಳ ಮೇಲೆ ನಿಂತಿದೆ.

ಮಾಲೀಕರ ಜಾಗದಲ್ಲಿ ನಿಮ್ಮದೇ ಹೆಸರಿದ್ದು, ಹಣಕಾಸು ಸಂಸ್ಥೆಯ ಜಾಗದಲ್ಲಿ ಲೀಸ್ ಕಂಪನಿಯ ಹೆಸರಿದ್ದರೆ ನೀವು ಅರ್ಧ ದಾರಿ ದಾಟಿದಂತೆ. ಆರ್‌ಟಿಒ ದಾಖಲೆಯ ಮಟ್ಟಿಗೆ ಇಲ್ಲಿ ಮಾಲೀಕತ್ವ ಬದಲಾಗುವುದಿಲ್ಲ. ಲೀಸಿನ ನಮೂದನ್ನು ತೆಗೆಸಬೇಕಷ್ಟೆ. ಅದಕ್ಕೆ ಬೇಕಾದುದು ಫಾರಂ 35. ಬ್ಯಾಂಕ್ ಸಾಲ ತೀರಿಸಿದವರು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಲು ಬಳಸುವ ಅರ್ಜಿಯೇ ಇದು.

ಮಾಲೀಕರ ಜಾಗದಲ್ಲಿ ಲೀಸ್ ಕಂಪನಿಯ ಹೆಸರಿದ್ದರೆ ಪೂರ್ಣ ಪ್ರಮಾಣದ ಮಾಲೀಕತ್ವ ವರ್ಗಾವಣೆ ಆಗಬೇಕು. ಅದಕ್ಕೆ ಮಾರಿದವರು ಮಾರಾಟವನ್ನು ತಿಳಿಸುವ ಫಾರಂ 29 ಮತ್ತು ವರ್ಗಾವಣೆಗೆ ಅರ್ಜಿ ಸಲ್ಲಿಸುವ ಫಾರಂ 30 ಬೇಕು. ಮೂರನೆಯ ಸಾಧ್ಯತೆ ಎಲ್ಲಕ್ಕಿಂತ ತಲೆನೋವಿನದು: ಮಾಲೀಕರ ಜಾಗದಲ್ಲಿ ನಿಮ್ಮ ಕಂಪನಿಯ ಹೆಸರು, ಹಣಕಾಸು ಸಂಸ್ಥೆಯ ಜಾಗದಲ್ಲಿ ಲೀಸ್ ಕಂಪನಿಯ ಹೆಸರು. ಇಲ್ಲಿ ಫಾರಂ 35ಕ್ಕೆ ಇಬ್ಬರ ಸಹಿಯೂ, 29 ಮತ್ತು 30ಕ್ಕೆ ನಿಮ್ಮ ಕಂಪನಿಯ ಸಹಿಯೂ ಬೇಕಾಗುತ್ತದೆ. ಒಂದು ಕಚೇರಿಯಿಂದ ಕಾಗದ ಬಂದು ಇನ್ನೊಂದು ಕಚೇರಿಯಲ್ಲಿ ನಿಂತುಬಿಡುವುದು ಇಂಥ ಪ್ರಕರಣಗಳಲ್ಲೇ.

ಮಾಲೀಕರ ಕ್ರಮಸಂಖ್ಯೆಯ ಸಾಲನ್ನು ಹೆಚ್ಚಿನವರು ಗಮನಿಸುವುದಿಲ್ಲ. ಷೋರೂಮಿನಿಂದ ಕಾರನ್ನು ಹೊರತಂದವರು ನೀವೇ, ಬೇರೆ ಯಾರೂ ಸ್ಟಿಯರಿಂಗ್ ಹಿಡಿದಿಲ್ಲ ಎಂದಿದ್ದರೂ, ಲೀಸ್ ಕಂಪನಿಯ ಹೆಸರಿನಿಂದ ನಿಮ್ಮ ಹೆಸರಿಗೆ ಬಂದ ದಿನ ಆ ಸಾಲಿನಲ್ಲಿ 1 ಹೋಗಿ 2 ಬರುತ್ತದೆ. ಮುಂದೆ ನೀವು ಮಾರುವಾಗ ಕೊಳ್ಳುವವನ ಕಣ್ಣಿಗೆ ಅದು ‘ಸೆಕೆಂಡ್ ಓನರ್’ ಕಾರು. ಬೆಲೆಯ ಮಾತುಕತೆಯಲ್ಲಿ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಎಲೆಕ್ಟ್ರಿಕ್ ಕಾರಾಗಿದ್ದರೆ ಇನ್ನೂ ಒಂದು ವಿಷಯವಿದೆ: ಕೆಲವು ತಯಾರಕರು ಬ್ಯಾಟರಿಯ ದೀರ್ಘಾವಧಿ ವಾರಂಟಿಯನ್ನು ಮೊದಲ ಮಾಲೀಕರಿಗೆ ಮಾತ್ರ ಕೊಟ್ಟು, ಎರಡನೆಯವರಿಗೆ ಕಡಿಮೆ ಅವಧಿ ನೀಡುತ್ತಾರೆ. ಲೀಸಿನಿಂದ ಬಳಕೆದಾರರಿಗೇ ವರ್ಗವಾದ ಕಾರನ್ನು ಅವರು ಹೇಗೆ ಪರಿಗಣಿಸುತ್ತಾರೆ ಎಂಬುದನ್ನು ಡೀಲರ್ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ತಯಾರಕರಿಂದ ಇಮೇಲ್‌ನಲ್ಲಿ ಪಡೆದುಕೊಳ್ಳಿ.

2. ಕರಾರು ಓದಿ, ಮೂರು ತಿಂಗಳು ಮೊದಲೇ ತಿಳಿಸಿ

ಲೀಸ್ ಮುಗಿದ ಮೇಲೆ ಕಾರು ತಮ್ಮ ಹಕ್ಕು ಎಂದು ಬಹುಪಾಲು ನೌಕರರು ಭಾವಿಸಿರುತ್ತಾರೆ. ಕರಾರು ಹಾಗೆ ಹೇಳದೆಯೂ ಇರಬಹುದು. ಆಪರೇಟಿಂಗ್ ಲೀಸ್ ಎಂದು ಕರೆಯುವ ಶುದ್ಧ ಬಾಡಿಗೆ ಮಾದರಿಯಲ್ಲಿ, ಅವಧಿ ಮುಗಿದಾಗ ಕಾರನ್ನು ಹಿಂದಿರುಗಿಸಬೇಕು ಎಂಬುದೇ ಮೂಲ ನಿಯಮವಾಗಿದ್ದು, ನೌಕರನಿಗೆ ಮಾರುವುದು ಲೀಸ್ ಕಂಪನಿಯ ವಾಡಿಕೆಯಷ್ಟೇ ಆಗಿರುತ್ತದೆ. ಫೈನಾನ್ಸ್ ಲೀಸ್ ಎಂಬ ಇನ್ನೊಂದು ಮಾದರಿ ಸಾಲಕ್ಕೆ ಹತ್ತಿರವಾದದ್ದು. ಅದರಲ್ಲಿ ಕೊಳ್ಳುವ ಆಯ್ಕೆಯನ್ನೂ ಬೆಲೆಯನ್ನೂ ಮೊದಲೇ ಬರೆದಿರುವುದುಂಟು. ನಿಮ್ಮದು ಯಾವುದು ಎಂಬುದು ನಿಮ್ಮ ಕೈಯಲ್ಲಿರುವ ಪತ್ರದಿಂದ ತಿಳಿಯದಿರಬಹುದು, ಏಕೆಂದರೆ ಮೂಲ ಕರಾರು ನಿಮ್ಮ ಕಂಪನಿಗೂ ಲೀಸ್ ಕಂಪನಿಗೂ ನಡುವಿನದು. ಎಚ್‌ಆರ್ ವಿಭಾಗಕ್ಕೆ ಬರೆದು ನಿಮ್ಮ ಕಾರಿಗೆ ಸಂಬಂಧಿಸಿದ ಅನುಬಂಧದ ಪ್ರತಿಯನ್ನು ಕೇಳಿ ಪಡೆಯಿರಿ. ಲೀಸ್ ಶುರುವಾದ ದಿನ, ಮುಗಿಯುವ ದಿನ, ಉಳಿಕೆ ಮೌಲ್ಯ, ಭದ್ರತಾ ಠೇವಣಿ, ಒಪ್ಪಿದ ಕಿಲೋಮೀಟರ್ ಇವೆಲ್ಲ ಇರುವುದು ಆ ಒಂದೆರಡು ಪುಟಗಳಲ್ಲೇ.

ಮುಗಿಯುವ ದಿನಕ್ಕೆ ಮೂರು ತಿಂಗಳು ಮೊದಲೇ, ಕಾರು ಕೊಳ್ಳುವ ಇಚ್ಛೆಯನ್ನು ಇಮೇಲ್ ಮೂಲಕ ಲೀಸ್ ಕಂಪನಿಗೂ ನಿಮ್ಮ ಕಂಪನಿಗೂ ಒಟ್ಟಿಗೆ ತಿಳಿಸಿ. ತಡವಾದರೆ ಆಗುವುದಿಷ್ಟು: ಅವಧಿ ಮುಗಿದರೂ ಕಾರು ನಿಮ್ಮ ಬಳಿಯೇ ಇರುವುದರಿಂದ ಲೀಸ್ ಕಂಪನಿ ಹೆಚ್ಚುವರಿ ತಿಂಗಳುಗಳ ಬಾಡಿಗೆ ಹಾಕುತ್ತದೆ. ಇದು ನ್ಯಾಯವಾದ ವಸೂಲಿಯೇ ಆದ್ದರಿಂದ ಆಮೇಲೆ ವಾದ ಮಾಡಿ ಪ್ರಯೋಜನವಿಲ್ಲ.

3. ಕೊಟೇಷನ್ನನ್ನು ಸಾಲು ಸಾಲಾಗಿ ಬಿಡಿಸಿ

ಲೀಸ್ ಕಂಪನಿ ಒಂದು ಒಟ್ಟು ಮೊತ್ತವನ್ನು ಮಾತ್ರ ಕಳಿಸಿದ್ದರೆ ಒಪ್ಪಬೇಡಿ. ಉಳಿಕೆ ಮೌಲ್ಯ ಎಷ್ಟು, ಜಿಎಸ್‌ಟಿ ಎಷ್ಟು ಮತ್ತು ಯಾವುದರ ಮೇಲೆ, ಬಾಕಿ ಬಾಡಿಗೆ ಎಷ್ಟು, ದಾಖಲೆ ಶುಲ್ಕ ಎಷ್ಟು, ಠೇವಣಿಯಿಂದ ಕಳೆದದ್ದೆಷ್ಟು ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ಹೆಚ್ಚು ಗೊಂದಲವಿರುವುದು ಜಿಎಸ್‌ಟಿಯಲ್ಲಿ. ಹಳೆಯ ವಾಹನ ಮಾರುವ ನೋಂದಾಯಿತ ವ್ಯಾಪಾರಿಗಳಿಗೆ 2025ರ ಜನವರಿಯಿಂದ ಶೇ 18ರ ದರ ಅನ್ವಯವಾಗುತ್ತಿದೆ. ಅದಕ್ಕೂ ಮೊದಲು ಸಣ್ಣ ಕಾರುಗಳಿಗೂ ಎಲೆಕ್ಟ್ರಿಕ್ ವಾಹನಗಳಿಗೂ ಶೇ 12 ಇತ್ತು. ಈ ಶೇ 18 ಬೀಳುವುದು ಮಾರಾಟದ ಪೂರ್ತಿ ಬೆಲೆಯ ಮೇಲಲ್ಲ, ಮಾರ್ಜಿನ್ ಮೇಲೆ. ಮಾರ್ಜಿನ್ ಎಂದರೆ ಮಾರಿದ ಬೆಲೆಗೂ, ಆದಾಯ ತೆರಿಗೆ ಲೆಕ್ಕದಲ್ಲಿ ಸವಕಳಿ (ವರ್ಷ ಕಳೆದಂತೆ ಇಳಿಯುವ ಬೆಲೆ) ಕಳೆದ ಮೇಲೆ ಮಾರುವವರ ಲೆಕ್ಕಪುಸ್ತಕದಲ್ಲಿ ಉಳಿದಿರುವ ಬೆಲೆಗೂ ನಡುವಿನ ವ್ಯತ್ಯಾಸ. ಉದಾಹರಣೆಗೆ, ಕಾರನ್ನು ನಿಮಗೆ 3 ಲಕ್ಷಕ್ಕೆ ಮಾರಿ, ಅವರ ಪುಸ್ತಕದಲ್ಲಿ ಅದರ ಬೆಲೆ 2.40 ಲಕ್ಷ ಉಳಿದಿದ್ದರೆ ಮಾರ್ಜಿನ್ 60,000 ರೂಪಾಯಿ, ತೆರಿಗೆ 10,800 ರೂಪಾಯಿ. ಪುಸ್ತಕದ ಬೆಲೆಯೇ ಹೆಚ್ಚಿದ್ದರೆ ತೆರಿಗೆ ಇಲ್ಲ.

ಆದರೆ ಈ ರಿಯಾಯಿತಿಗೆ ಒಂದು ಷರತ್ತಿದೆ. ಕಾರು ಕೊಂಡಾಗ ಕಟ್ಟಿದ ಜಿಎಸ್‌ಟಿಯನ್ನು ಲೀಸ್ ಕಂಪನಿ ತನ್ನ ತೆರಿಗೆ ಬಾಕಿಯಲ್ಲಿ ಹೊಂದಿಸಿಕೊಂಡಿರಬಾರದು. ಹೀಗೆ ಹೊಂದಿಸಿಕೊಳ್ಳುವುದನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಎನ್ನುತ್ತಾರೆ. ಬಾಡಿಗೆಯೇ ವ್ಯಾಪಾರವಾಗಿರುವ ಕಂಪನಿಗಳು ಈ ಕ್ರೆಡಿಟ್ ಪಡೆದಿರುವ ಸಾಧ್ಯತೆ ಹೆಚ್ಚು. ಆಗ ಮಾರ್ಜಿನ್ ಲೆಕ್ಕ ಸಿಗದೆ ತೆರಿಗೆ ದೊಡ್ಡ ಮೊತ್ತಕ್ಕೆ ಏರುತ್ತದೆ. ಲೀಸ್ ಶುರುವಾಗುವಾಗ ‘ಉಳಿಕೆ ಮೌಲ್ಯ ಇಷ್ಟೇ’ ಎಂದು ತೋರಿಸಿದ್ದ ಸಂಖ್ಯೆಗೂ ಈಗ ಕಟ್ಟಬೇಕಾದ ಮೊತ್ತಕ್ಕೂ ಹತ್ತಾರು ಸಾವಿರದ ಅಂತರ ಬರಲು ಸಾಮಾನ್ಯವಾಗಿ ಇದೇ ಕಾರಣ. ಯಾವ ಲೆಕ್ಕ ಹಿಡಿದಿದ್ದೀರಿ ಎಂದು ಕೇಳುವ ಹಕ್ಕು ನಿಮಗಿದೆ, ಏಕೆಂದರೆ ಇನ್‌ವಾಯ್ಸ್ ಬರುವುದು ನಿಮ್ಮ ಹೆಸರಿಗೆ.

ಮಾರಾಟದ ಬೆಲೆ 10 ಲಕ್ಷ ರೂಪಾಯಿ ಮೀರಿದ್ದರೆ ಶೇ 1ರಷ್ಟು ಟಿಸಿಎಸ್ ಸೇರಬಹುದು. ಇದು ಮಾರುವವರು ನಿಮ್ಮಿಂದ ಸಂಗ್ರಹಿಸಿ ನಿಮ್ಮ ಪ್ಯಾನ್ ಹೆಸರಿಗೆ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ. ರಿಟರ್ನ್ ಸಲ್ಲಿಸುವಾಗ ಇದನ್ನು ಹೊಂದಿಸಿಕೊಳ್ಳಬಹುದು, ಆದ್ದರಿಂದ ಇದನ್ನು ಖರ್ಚೆಂದು ಭಾವಿಸಬೇಕಿಲ್ಲ.

ಇನ್ನೊಂದು ಎಚ್ಚರಿಕೆ. ಒಪ್ಪಿದ್ದಕ್ಕಿಂತ ಹೆಚ್ಚು ಕಿಲೋಮೀಟರ್ ಓಡಿಸಿದ್ದಕ್ಕೆ, ಬಂಪರ್ ಗೀರಿದ್ದಕ್ಕೆ, ಸೀಟು ಹರಿದದ್ದಕ್ಕೆ ಹಾಕುವ ಶುಲ್ಕಗಳು ಕಾರನ್ನು ಹಿಂದಿರುಗಿಸುವವರಿಗೆ ಸಂಬಂಧಿಸಿದವು. ಕಾರನ್ನು ನೀವೇ ಕೊಳ್ಳುವುದಾದರೆ ಗೀರು ಬಿದ್ದ ಬಂಪರ್ ಕೂಡ ನಿಮ್ಮದೇ ತಾನೇ. ಕೊಟೇಷನ್ನಿನಲ್ಲಿ ಅಂಥ ಸಾಲು ಕಂಡರೆ ಕರಾರಿನ ಯಾವ ಕಲಮಿನ ಪ್ರಕಾರ ಎಂದು ಕೇಳಿ. ಹಾಗೆ ಕೇಳಿದರೆ ಬಹಳಷ್ಟು ಸಲ ಆ ಸಾಲು ಮಾಯವಾಗುತ್ತದೆ.

4. ಬೆಲೆ ಸರಿಯಿದೆಯೇ ಎಂದು ತಾಳೆ ನೋಡಿ

ಕೈಗೆಟಕುವ ಮೊದಲ ಅಳತೆಗೋಲು ನಿಮ್ಮ ವಿಮಾ ಪಾಲಿಸಿಯಲ್ಲೇ ಇರುವ ಐಡಿವಿ, ಅಂದರೆ ಕಾರು ಕಳುವಾದರೆ ವಿಮಾ ಕಂಪನಿ ಕೊಡಲು ಒಪ್ಪಿದ ಬೆಲೆ. ತಯಾರಕರ ಈಗಿನ ಪಟ್ಟಿ ಬೆಲೆಯಿಂದ ಮೂರರಿಂದ ನಾಲ್ಕು ವರ್ಷದ ಕಾರಿಗೆ ಶೇ 40, ನಾಲ್ಕರಿಂದ ಐದು ವರ್ಷದ್ದಕ್ಕೆ ಶೇ 50ರಷ್ಟು ಸವಕಳಿ ಕಳೆಯುವುದು ವಿಮೆಯ ಲೆಕ್ಕ. 12 ಲಕ್ಷದ ಕಾರಿಗೆ ನಾಲ್ಕು ವರ್ಷ ತುಂಬಿದಾಗ ಇದು 6 ಲಕ್ಷದ ಆಸುಪಾಸಿಗೆ ಬರುತ್ತದೆ. ಇದು ಮಾರುಕಟ್ಟೆ ಬೆಲೆಯಲ್ಲ; ಒಳ್ಳೆಯ ಬೇಡಿಕೆಯಿರುವ ಮಾದರಿಗೆ ಹೆಚ್ಚು, ತಯಾರಿಕೆ ನಿಂತುಹೋದ ಮಾದರಿಗೆ ಕಡಿಮೆ ಸಿಗುತ್ತದೆ. ಹಳೆ ಕಾರು ಮಾರುವ ಎರಡು ಮೂರು ತಾಣಗಳಲ್ಲಿ ಅದೇ ವರ್ಷ, ಅದೇ ವೇರಿಯಂಟ್, ಹೆಚ್ಚುಕಡಿಮೆ ಅಷ್ಟೇ ಕಿಲೋಮೀಟರಿನ ಕಾರಿಗೆ ಎಷ್ಟು ಬೆಲೆ ಇಟ್ಟಿದ್ದಾರೆ ಎಂದು ನೋಡಿ, ಎರಡನ್ನೂ ಎದುರುಬದುರು ಇಟ್ಟುಕೊಳ್ಳಿ.

ಉಳಿಕೆ ಮೌಲ್ಯ ಮೊದಲೇ ನಿಗದಿಯಾಗಿದ್ದರೆ ಸಾಮಾನ್ಯವಾಗಿ ಕೊಳ್ಳುವುದೇ ಲಾಭ, ಏಕೆಂದರೆ ಕಾರಿನ ಬೆಲೆಯ ಹೆಚ್ಚಿನ ಭಾಗವನ್ನು ಬಾಡಿಗೆಯ ರೂಪದಲ್ಲಿ ಈಗಾಗಲೇ ಕಟ್ಟಿದ್ದೀರಿ. ಮೇಲಾಗಿ ಕಾರಿನ ಒಳಗುಟ್ಟು ನಿಮಗೆ ಗೊತ್ತಿದೆ: ಕ್ಲಚ್ ಯಾವಾಗ ಬದಲಾಯಿತು, ಮಳೆಗಾಲದಲ್ಲಿ ಅಂಡರ್‌ಪಾಸಿನ ನೀರಿನಲ್ಲಿ ಎಲ್ಲಿಯವರೆಗೆ ಮುಳುಗಿತ್ತು ಎಂಬುದು ಬೇರೆ ಯಾವ ಹಳೆ ಕಾರಿನ ಬಗ್ಗೆಯೂ ನಿಮಗೆ ತಿಳಿಯುವುದಿಲ್ಲ. ಆದರೆ ‘ಆಗಿನ ಮಾರುಕಟ್ಟೆ ಬೆಲೆ’ ಎಂದಷ್ಟೇ ಕರಾರಿನಲ್ಲಿದ್ದರೆ ಚೌಕಾಸಿ ಮಾಡಲೇಬೇಕು.

5. ಸಂಬಳದ ತೆರಿಗೆಯನ್ನು ಮರೆಯಬೇಡಿ

ಕಡಿಮೆ ಬೆಲೆಗೆ ಸಿಕ್ಕ ಕಾರು ಆದಾಯ ತೆರಿಗೆಯ ದೃಷ್ಟಿಯಲ್ಲಿ ನೌಕರಿಯಿಂದ ಬಂದ ಸೌಲಭ್ಯ, ಅಂದರೆ ಪರ್ಕ್ವಿಸಿಟ್, ಆಗುವ ಸಾಧ್ಯತೆಯಿದೆ. ಕಂಪನಿ ತನ್ನ ಕಾರನ್ನು ನೌಕರನಿಗೆ ವರ್ಗಾಯಿಸಿದಾಗ ಕಾರಿನ ಮೂಲ ವೆಚ್ಚದಿಂದ ಬಳಸಿದ ಪ್ರತಿ ಪೂರ್ಣ ವರ್ಷಕ್ಕೆ ಶೇ 20ರಂತೆ, ಪ್ರತಿ ಸಲವೂ ಉಳಿದ ಮೊತ್ತದ ಮೇಲೆ, ಕಳೆಯುತ್ತ ಹೋಗಬೇಕು. ಕೊನೆಗೆ ಬಂದ ಬೆಲೆಗಿಂತ ನೌಕರ ಕಡಿಮೆ ಕೊಟ್ಟಿದ್ದರೆ ಆ ವ್ಯತ್ಯಾಸ ಅವನ ಸಂಬಳಕ್ಕೆ ಸೇರುತ್ತದೆ. 12 ಲಕ್ಷದ ಕಾರು ಮೊದಲ ವರ್ಷ ಮುಗಿದಾಗ 9.60 ಲಕ್ಷ, ಎರಡಕ್ಕೆ 7.68 ಲಕ್ಷ, ಮೂರಕ್ಕೆ 6.14 ಲಕ್ಷ, ನಾಲ್ಕಕ್ಕೆ 4,91,520 ರೂಪಾಯಿ. ನೀವು ಕೊಟ್ಟದ್ದು 3 ಲಕ್ಷವಾದರೆ 1,91,520 ರೂಪಾಯಿ ನಿಮ್ಮ ಆದಾಯಕ್ಕೆ ಸೇರಿ, ಶೇ 30ರ ಹಂತದಲ್ಲಿರುವವರಿಗೆ ಸೆಸ್ ಸಹಿತ ಸುಮಾರು 60,000 ರೂಪಾಯಿ ತೆರಿಗೆ ಬೀಳುತ್ತದೆ.

ಲೀಸ್ ಕಂಪನಿಯೇ ನೇರವಾಗಿ ನಿಮಗೆ ಮಾರಿದಾಗ ಇದೇ ಲೆಕ್ಕ ಅನ್ವಯಿಸಬೇಕೇ ಎಂಬುದರಲ್ಲಿ ಎಲ್ಲ ಕಂಪನಿಗಳೂ ಒಂದೇ ನಿಲುವು ತಳೆಯುವುದಿಲ್ಲ. ಆದ್ದರಿಂದ ಹಣ ಕಟ್ಟುವ ಮೊದಲು ವೇತನ ವಿಭಾಗಕ್ಕೆ ಬರೆದು ನಿಮ್ಮ ಕಂಪನಿ ಏನು ಮಾಡುತ್ತದೆ ಎಂದು ತಿಳಿದುಕೊಳ್ಳಿ. ಇಲ್ಲವಾದರೆ ಮಾರ್ಚ್ ತಿಂಗಳ ಸಂಬಳದಲ್ಲಿ ದೊಡ್ಡ ಕಡಿತ ಕಂಡಾಗಲೇ ವಿಷಯ ತಿಳಿಯುತ್ತದೆ.

6. ಸಾಲ ಬೇಕಿದ್ದರೆ ಕ್ರಮ ಮೊದಲೇ ಕೂಡಿಸಿ

ಇದು ಬ್ಯಾಂಕಿನ ದೃಷ್ಟಿಯಲ್ಲಿ ಹಳೆ ಕಾರಿನ ಸಾಲ. ಹೊಸ ಕಾರಿನ ಬಡ್ಡಿಗೆ ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಲೀಸ್ ಕಂಪನಿ ಪೂರ್ತಿ ಹಣ ಬಾರದೆ ಎನ್‌ಒಸಿ ಕೊಡುವುದಿಲ್ಲ, ಬ್ಯಾಂಕು ಎನ್‌ಒಸಿ ನೋಡದೆ ಹಣ ಬಿಡುಗಡೆ ಮಾಡುವುದಿಲ್ಲ. ಎನ್‌ಒಸಿ ಎಂದರೆ ಬಾಕಿ ಏನೂ ಇಲ್ಲ, ವರ್ಗಾವಣೆಗೆ ಆಕ್ಷೇಪವಿಲ್ಲ ಎಂಬ ಪತ್ರ. ಸಾಲದ ಹಣವನ್ನು ಬ್ಯಾಂಕು ನೇರವಾಗಿ ಲೀಸ್ ಕಂಪನಿಯ ಖಾತೆಗೇ ಕಳಿಸುವುದೆಂದೂ, ಅದಾದ ಇಷ್ಟು ದಿನದೊಳಗೆ ಲೀಸ್ ಕಂಪನಿ ಎನ್‌ಒಸಿ ಕೊಡುವುದೆಂದೂ ಮೂವರ ನಡುವೆ ಇಮೇಲಿನಲ್ಲಿ ಒಪ್ಪಂದವಾದರೆ ಈ ಗಂಟು ಬಿಡಿಸಿಕೊಳ್ಳುತ್ತದೆ. ಮೊತ್ತ ಚಿಕ್ಕದಾಗಿದ್ದರೆ ಕಾರು ಸಾಲಕ್ಕಿಂತ ವೈಯಕ್ತಿಕ ಸಾಲ ಅಥವಾ ಸ್ವಂತ ಉಳಿತಾಯವೇ ಸುಲಭ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಆರ್‌ಸಿಯಲ್ಲಿ ಹೊಸದೊಂದು ಬ್ಯಾಂಕಿನ ಹೆಸರು ಬರೆಸುವ ಕೆಲಸ ತಪ್ಪುತ್ತದೆ.

7. ಬಾಕಿ ದಂಡ ಕಟ್ಟಿ ಮುಗಿಸಿ

ಸಿಗ್ನಲ್ ಕ್ಯಾಮೆರಾಗಳು ಹಾಕಿದ ದಂಡದ ಸೂಚನೆ ಹೋಗುವುದು ನೋಂದಾಯಿತ ಮಾಲೀಕರ ವಿಳಾಸಕ್ಕೂ ಮೊಬೈಲಿಗೂ. ಮಾಲೀಕರು ಲೀಸ್ ಕಂಪನಿಯಾದ್ದರಿಂದ ನೀವು ಓಡಿಸುವಾಗ ಬಿದ್ದ ದಂಡಗಳು ವರ್ಷಗಟ್ಟಲೆ ನಿಮಗೆ ಗೊತ್ತಿಲ್ಲದೆ ಸೇರಿಕೊಂಡಿರಬಹುದು. ಪರಿವಾಹನ್ ಇ-ಚಲನ್ ತಾಣದಲ್ಲೂ ಬೆಂಗಳೂರು ಸಂಚಾರ ಪೊಲೀಸರ ತಾಣದಲ್ಲೂ ವಾಹನದ ಸಂಖ್ಯೆ ಹಾಕಿ ನೋಡಿ. ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಕಾಣುವುದುಂಟು. ಬಾಕಿ ಉಳಿದಿದ್ದರೆ ವರ್ಗಾವಣೆಯ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ರಾಜ್ಯ ಸರ್ಕಾರ 2023ರಲ್ಲೂ 2025ರಲ್ಲೂ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಿತ್ತೆಂದು ಮತ್ತೊಂದು ಸುತ್ತಿಗಾಗಿ ಕಾಯುತ್ತ ಕೂರಬೇಡಿ. ಅಷ್ಟರಲ್ಲಿ ಹೆಚ್ಚುವರಿ ಬಾಡಿಗೆ ಆ ಉಳಿತಾಯವನ್ನು ನುಂಗಿಹಾಕುತ್ತದೆ.

8. ಹಣ ಪಾವತಿ ಮತ್ತು ಕೈಗೆ ಬರಬೇಕಾದ ಕಾಗದಗಳು

ಹಣವನ್ನು ಇನ್‌ವಾಯ್ಸಿನಲ್ಲಿ ಹೆಸರಿರುವ ಲೀಸ್ ಕಂಪನಿಯ ಖಾತೆಗೆ ಮಾತ್ರ ಎನ್‌ಇಎಫ್‌ಟಿ ಅಥವಾ ಆರ್‌ಟಿಜಿಎಸ್ ಮೂಲಕ ಕಳಿಸಿ. ಕಂಪನಿಯ ಪರವಾಗಿ ಬಂದಿದ್ದೇನೆನ್ನುವ ಏಜೆಂಟರ ಖಾತೆಗೆ, ಎಷ್ಟೇ ನಂಬಿಕಸ್ಥರಂತೆ ಕಂಡರೂ, ಒಂದು ರೂಪಾಯಿಯನ್ನೂ ಹಾಕಬೇಡಿ. ಪಾವತಿಗೆ ಮೊದಲು ಕರಡು ಇನ್‌ವಾಯ್ಸ್ ತರಿಸಿ ನಿಮ್ಮ ಹೆಸರು, ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ಆರ್‌ಸಿಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ.

ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಇನಿಶಿಯಲ್‌ನದೇ ಒಂದು ಪ್ರತ್ಯೇಕ ಪಾಡು. ಆಧಾರ್‌ನಲ್ಲಿ ಇನಿಶಿಯಲ್ ಹೆಸರಿನ ಹಿಂದೆ, ಪ್ಯಾನ್‌ನಲ್ಲಿ ತಂದೆಯ ಹೆಸರು ಬಿಡಿಸಿ ಮುಂದೆ, ಕಂಪನಿ ದಾಖಲೆಯಲ್ಲಿ ಊರಿನ ಹೆಸರೂ ಸೇರಿ ಇನ್ನೊಂದು ಬಗೆ ಇರುತ್ತದೆ. ಆರ್‌ಟಿಒ ಸೇವೆಗಳಲ್ಲಿ ಆಧಾರ್ ದೃಢೀಕರಣ ಬಳಕೆಯಲ್ಲಿರುವುದರಿಂದ ಇನ್‌ವಾಯ್ಸ್, ಫಾರಂಗಳು, ವಿಮೆ ಎಲ್ಲದರಲ್ಲೂ ಆಧಾರ್‌ನಲ್ಲಿರುವಂತೆಯೇ ಹೆಸರು ಬರೆಸಿ.

ಪಾವತಿಯಾದ ಮೇಲೆ ನಿಮ್ಮ ಕೈ ಸೇರಬೇಕಾದುವು: ತೆರಿಗೆ ಇನ್‌ವಾಯ್ಸ್, ಎನ್‌ಒಸಿ ಪತ್ರ, ಸಹಿ ಮಾಡಿದ ಫಾರಂ 29ರ ಎರಡು ಪ್ರತಿ, ಫಾರಂ 30, ಲೀಸ್ ನಮೂದಿದ್ದರೆ ಫಾರಂ 35ರ ಎರಡು ಪ್ರತಿ, ಮೂಲ ಆರ್‌ಸಿ, ಲೀಸ್ ಕಂಪನಿಯ ಪ್ಯಾನ್ ಪ್ರತಿ, ಸಹಿ ಮಾಡಿದವರಿಗೆ ಅಧಿಕಾರ ಕೊಟ್ಟ ಪತ್ರ ಅಥವಾ ಆಡಳಿತ ಮಂಡಳಿಯ ನಿರ್ಣಯದ ಪ್ರತಿ, ಮತ್ತು ಎರಡನೆಯ ಕೀಲಿ. ಅಧಿಕಾರ ಪತ್ರದ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ನಾಲ್ಕು ವರ್ಷದ ಹಿಂದೆ ನೋಂದಣಿಗೆ ಸಹಿ ಮಾಡಿದ ಅಧಿಕಾರಿ ಈಗ ಆ ಕಂಪನಿಯಲ್ಲಿ ಇರಲಿಕ್ಕಿಲ್ಲ. ಹೊಸಬರ ಸಹಿ ಹಳೆಯದಕ್ಕೆ ತಾಳೆಯಾಗದೆ ಅರ್ಜಿ ವಾಪಸು ಬರುವುದು ತೀರಾ ಸಾಮಾನ್ಯ. ಹೊಸ ಅಧಿಕಾರಿಯ ಹೆಸರಿನಲ್ಲಿ ಇತ್ತೀಚಿನ ದಿನಾಂಕದ ಪತ್ರವೇ ಬೇಕೆಂದು ಪಟ್ಟು ಹಿಡಿಯಿರಿ. ಎನ್‌ಒಸಿಗೆ ಸಾಮಾನ್ಯವಾಗಿ ಮೂರು ತಿಂಗಳಂಥ ಗಡುವು ಇರುವುದರಿಂದ ಅದನ್ನು ಬೀರುವಿನಲ್ಲಿಟ್ಟು ಮರೆಯುವಂತಿಲ್ಲ.

9. ವಿಮೆ: ಒಂದು ದಿನವೂ ಖಾಲಿ ಬಿಡಬೇಡಿ

ಲೀಸ್ ಕಾರಿನ ವಿಮೆ ಲೀಸ್ ಕಂಪನಿಯ ಹೆಸರಿನಲ್ಲಿದ್ದು, ಹಲವು ಸಲ ಲೀಸ್ ಮುಗಿಯುವ ದಿನವೇ ಮುಗಿಯುವಂತೆ ಹೊಂದಿಸಿರುತ್ತಾರೆ. ಪಾಲಿಸಿ ಚಾಲ್ತಿಯಲ್ಲಿದ್ದರೆ, ಮೋಟಾರು ವಾಹನ ಕಾಯ್ದೆಯ 157ನೇ ಸೆಕ್ಷನ್ ಪ್ರಕಾರ ಮೂರನೆಯವರಿಗೆ ಆಗುವ ಹಾನಿಯ ರಕ್ಷಣೆ ಕಾರಿನೊಂದಿಗೇ ಹೊಸ ಮಾಲೀಕರಿಗೆ ಬರುತ್ತದೆ. ಪಾಲಿಸಿಯಲ್ಲಿ ಹೆಸರು ಬದಲಿಸಲು 14 ದಿನದೊಳಗೆ ಅರ್ಜಿ ಕೊಡಬೇಕು. ಆದರೆ ನಿಮ್ಮ ಸ್ವಂತ ಕಾರಿಗೆ ಆದ ಹಾನಿಯ ರಕ್ಷಣೆ ಹಾಗೆ ತಾನಾಗಿ ಬರುವುದಿಲ್ಲ. ಹೆಸರು ಬದಲಾಗದೆ ಅಪಘಾತವಾದರೆ ಕ್ಲೇಮ್ ತಿರಸ್ಕಾರವಾಗಲು ಅಷ್ಟೇ ಸಾಕು.

ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿ ಕಾರಿಗೆ ಅಂಟಿದ್ದಲ್ಲ, ಪಾಲಿಸಿದಾರರಿಗೆ ಅಂಟಿದ್ದು. ನಾಲ್ಕು ವರ್ಷ ಒಂದೂ ಕ್ಲೇಮ್ ಮಾಡದೆ ಎಚ್ಚರದಿಂದ ಓಡಿಸಿದವರು ನೀವಾದರೂ ರಿಯಾಯಿತಿ ಲೀಸ್ ಕಂಪನಿಯ ಪಾಲಾಗಿ, ನಿಮ್ಮ ಹೊಸ ಪಾಲಿಸಿ ಸೊನ್ನೆಯಿಂದ ಶುರುವಾಗಬಹುದು. ಆದರೆ ಸಂಸ್ಥೆಯ ಹೆಸರಿನ ಕಾರನ್ನು ಒಬ್ಬ ನೌಕರರೇ ಬಳಸಿ, ಅದು ಅವರ ಹೆಸರಿಗೇ ವರ್ಗವಾದಾಗ, ಉದ್ಯೋಗದಾತರ ಪತ್ರವಿದ್ದರೆ ಆ ಬೋನಸ್ ನೌಕರರಿಗೆ ಸಿಗಬೇಕೆಂಬ ನಿಯಮವೂ ವಿಮೆಯಲ್ಲಿದೆ; ಆದ್ದರಿಂದ ವಿಮಾ ಕಂಪನಿಯನ್ನು ಕೇಳಿ ನೋಡಿ. ಲೀಸಿಗೆ ಮೊದಲು ಇದ್ದ ಸ್ವಂತ ಕಾರಿನ ಬೋನಸ್ ಪ್ರಮಾಣಪತ್ರ ಇಟ್ಟುಕೊಂಡಿದ್ದರೂ ಅದರ ಆಯುಷ್ಯ ಮೂರು ವರ್ಷ; ನಾಲ್ಕು ವರ್ಷದ ಲೀಸ್ ಮುಗಿಯುವಷ್ಟರಲ್ಲಿ ಅದು ಕಸವಾಗಿರುತ್ತದೆ. ಹೊಸ ಪ್ರೀಮಿಯಂ ಕಂಡು ಗಾಬರಿಯಾಗದಿರಲು ಇದು ಮೊದಲೇ ತಿಳಿದಿರಲಿ. ಕಂಪನಿ ಹೆಸರಿನ ಕಾರಿಗೆ ಬೇಕಿಲ್ಲದ ಇನ್ನೊಂದು ರಕ್ಷಣೆ ಈಗ ನಿಮಗೆ ಬೇಕಾಗುತ್ತದೆ: ಮಾಲೀಕ-ಚಾಲಕರ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ. ಇದು ನಿಮ್ಮ ಸ್ಕೂಟರಿನ ಪಾಲಿಸಿಯಲ್ಲೋ ಬೇರೆಡೆಯಲ್ಲೋ ಈಗಾಗಲೇ ಇದ್ದರೆ ಮತ್ತೆ ಕೊಳ್ಳಬೇಕಿಲ್ಲ.

10. ಆರ್‌ಟಿಒ ಕೆಲಸ

ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕೆಂಬುದು ಕಾಯ್ದೆಯ 50ನೇ ಸೆಕ್ಷನ್. ಇದು ನಾಮಕಾವಸ್ತೆಯ ಗಡುವಲ್ಲ. ಕಾರು ಕೈಬದಲಾಗಿದ್ದರೂ ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ನಿಮ್ಮಷ್ಟೇ ಆತುರ ಲೀಸ್ ಕಂಪನಿಗೂ ಇರಬೇಕಾದ ಕಾರಣ ಇದೇ. ಅವರು ಕಾಗದ ಕೊಡಲು ಎಳೆದಾಡಿದರೆ ಈ ಮಾತನ್ನು ಇಮೇಲಿನಲ್ಲಿ ನೆನಪಿಸಿ.

ಅರ್ಜಿಯನ್ನು ಪರಿವಾಹನ್ ತಾಣದ ವಾಹನ ಸೇವೆಗಳ ವಿಭಾಗದಲ್ಲಿ ತುಂಬಿ, ಶುಲ್ಕ ಕಟ್ಟಿ, ಮುದ್ರಿತ ಪ್ರತಿಯನ್ನು ಮೂಲ ಕಾಗದಗಳೊಂದಿಗೆ ಕಚೇರಿಗೆ ಒಪ್ಪಿಸಬೇಕು. ಅಲ್ಲಿ ಮೊದಲು ಎಡವುವುದು ಒಟಿಪಿಯಲ್ಲಿ, ಏಕೆಂದರೆ ವಾಹನದ ದಾಖಲೆಯಲ್ಲಿರುವ ಮೊಬೈಲ್ ಸಂಖ್ಯೆ ಲೀಸ್ ಕಂಪನಿಯದು. ಅವರ ಕಡೆಯ ಸಿಬ್ಬಂದಿ ಫೋನಿನಲ್ಲಿ ಸಿಗುವ ಹೊತ್ತನ್ನು ಗೊತ್ತುಮಾಡಿಕೊಂಡೇ ಅರ್ಜಿ ತುಂಬಲು ಕೂರಿ. ಫಾರಂಗೆ ಚಾಸಿ ಸಂಖ್ಯೆಯ ಪೆನ್ಸಿಲ್ ಅಚ್ಚು ಕೇಳುತ್ತಾರೆ: ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನು ಬಟ್ಟೆಯಿಂದ ಒರೆಸಿ, ಅದರ ಮೇಲೆ ತೆಳುವಾದ ಬಿಳಿ ಕಾಗದ ಒತ್ತಿಹಿಡಿದು, ಸೀಸದಕಡ್ಡಿಯನ್ನು ಅಡ್ಡಲಾಗಿ ಹಿಡಿದು ಹಗುರವಾಗಿ ಉಜ್ಜಿದರೆ ಅಂಕಿಗಳು ಮೂಡುತ್ತವೆ. ಸಂಖ್ಯೆ ಎಲ್ಲಿದೆ ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಮಾಲೀಕರ ಕೈಪಿಡಿಯಲ್ಲಿ ಚಿತ್ರವಿರುತ್ತದೆ. ಮುಂದಿನ ಸರ್ವಿಸಿನ ದಿನ ಮೆಕ್ಯಾನಿಕ್ ಕೈಯಲ್ಲಿ ಮೂರು ನಾಲ್ಕು ಅಚ್ಚು ತೆಗೆಸಿಟ್ಟುಕೊಂಡರೆ ಆರ್‌ಟಿಒ ಬಾಗಿಲಲ್ಲಿ ಅದಕ್ಕಾಗಿ ಯಾರಿಗೂ ಹಣ ಕೊಡಬೇಕಾಗುವುದಿಲ್ಲ.

ಯಾವ ಕಚೇರಿ ಎಂಬುದು ನಿಮ್ಮ ವಿಳಾಸದ ಪುರಾವೆಯ ಮೇಲೆ ನಿಂತಿದೆ. ಕಾರು ಕೋರಮಂಗಲದ ಕೆಎ-01ರಲ್ಲಿ ನೋಂದಣಿಯಾಗಿ, ನೀವು ಎಲೆಕ್ಟ್ರಾನಿಕ್ ಸಿಟಿಯ ಕೆಎ-51ರ ವ್ಯಾಪ್ತಿಯಲ್ಲಿ ವಾಸವಾಗಿದ್ದು, ಆಧಾರ್ ಮಾತ್ರ ಪುತ್ತೂರಿನ ಕೆಎ-21ರ ವಿಳಾಸದಲ್ಲಿರುವುದು ಬೆಂಗಳೂರಿನ ನೌಕರರಲ್ಲಿ ಅಪರೂಪವೇನಲ್ಲ. ಮನೆ ಬಾಡಿಗೆಯ ಕರಾರನ್ನು ಪುರಾವೆಯಾಗಿ ಒಪ್ಪುತ್ತಾರೆಯೇ, ಬೇರೆ ಕಚೇರಿಗೆ ಹೋಗಲು ಮೂಲ ಕಚೇರಿಯಿಂದ ಪತ್ರ ಬೇಕೇ ಎಂದು ಅರ್ಜಿ ತುಂಬುವ ಮೊದಲೇ ಕೇಳಿ ತಿಳಿಯಿರಿ. ಆಧಾರ್ ವಿಳಾಸವನ್ನು ಮೊದಲೇ ಬದಲಿಸಿಕೊಂಡವರಿಗೆ ಈ ಓಡಾಟವೇ ಇಲ್ಲ. ರಾಜ್ಯದೊಳಗೆ ವರ್ಗವಾದಾಗ ವಾಹನದ ಸಂಖ್ಯೆ ಬದಲಾಗುವುದಿಲ್ಲ, ಜೀವಿತಾವಧಿ ತೆರಿಗೆಯನ್ನೂ ಮತ್ತೆ ಕಟ್ಟಬೇಕಿಲ್ಲ.

ಕಾರು ಬೇರೆ ರಾಜ್ಯದಲ್ಲಿ ನೋಂದಣಿಯಾಗಿದ್ದರೆ ಮಾತ್ರ ಕಥೆ ಬೇರೆ. ಆ ರಾಜ್ಯದ ಆರ್‌ಟಿಒದಿಂದ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ಹೊಸ ಸಂಖ್ಯೆಗೆ ಅರ್ಜಿ ಹಾಕಿ, ಕರ್ನಾಟಕದ ಜೀವಿತಾವಧಿ ತೆರಿಗೆಯನ್ನು ಕಟ್ಟಬೇಕಾಗುತ್ತದೆ. ಪೆಟ್ರೋಲ್–ಡೀಸೆಲ್‌ನ ಹೊಸ ಕಾರಿಗೆ ಬೆಲೆಯ ಪ್ರಕಾರ ಶೇ 13ರಿಂದ 18ರವರೆಗೆ ಇರುವ ಈ ತೆರಿಗೆ ಹಳೆ ಕಾರಿಗೆ ವಯಸ್ಸಿಗೆ ತಕ್ಕಂತೆ ಇಳಿಯುತ್ತದಾದರೂ, ದೊಡ್ಡ ಕಾರಿಗೆ ಲಕ್ಷ ದಾಟುವುದು ಕಷ್ಟವಲ್ಲ. ಈ ಮೊತ್ತವನ್ನು ಸೇರಿಸದೆ ನಾಲ್ಕನೇ ಹಂತದಲ್ಲಿ ಮಾಡಿದ ಲಾಭದ ಲೆಕ್ಕ ತಲೆಕೆಳಗಾಗುತ್ತದೆ. ಅಂಥ ಕಾರನ್ನು ಹಿಂದಿರುಗಿಸುವುದೇ ಜಾಣತನವಾದ ಸಂದರ್ಭಗಳೂ ಇವೆ.

ಅರ್ಜಿ ಒಪ್ಪಿಸುವ ದಿನ ಹೊಗೆ ತಪಾಸಣೆಯ ಪ್ರಮಾಣಪತ್ರ ಮತ್ತು ವಿಮೆ ಎರಡೂ ಚಾಲ್ತಿಯಲ್ಲಿರಬೇಕು.

11. ಹೊಸ ಆರ್‌ಸಿ ಬಂದ ಮೇಲೆ

ಮೊದಲ ಹಂತದಲ್ಲಿ ನೋಡಿದ ಸಾಲುಗಳನ್ನೇ ಮತ್ತೆ ನೋಡಬೇಕು. ಹೆಸರು ಬದಲಾಗಿ ಹಣಕಾಸು ಸಂಸ್ಥೆಯ ಸಾಲಿನಲ್ಲಿ ಲೀಸ್ ಕಂಪನಿ ಹಾಗೇ ಉಳಿದಿದ್ದರೆ, ವರ್ಗಾವಣೆಯ ಅರ್ಜಿ ಮಾತ್ರ ಮಂಜೂರಾಗಿ ಫಾರಂ 35ರದ್ದು ಬಾಕಿಯಿದೆ ಎಂದರ್ಥ. ಎರಡೂ ಪ್ರತ್ಯೇಕ ಸೇವೆಗಳು. ಎನ್‌ಒಸಿಯ ಗಡುವು ಮುಗಿಯುವ ಮೊದಲು ಅದನ್ನೂ ಹಾಕಿ. ಆರ್‌ಸಿಯ ಪ್ರತಿಯನ್ನು ವಿಮಾ ಕಂಪನಿಗೆ ಕಳಿಸಿ ಪಾಲಿಸಿಯಲ್ಲಿ ಹೆಸರು ಸರಿಪಡಿಸಿ. ವಿಸ್ತೃತ ವಾರಂಟಿ, ಸರ್ವಿಸ್ ಪ್ಯಾಕೇಜ್ ಇದ್ದರೆ ವರ್ಕ್‌ಷಾಪಿನ ಕಂಪ್ಯೂಟರಿನಲ್ಲೂ ಹೆಸರು ಬದಲಿಸಬೇಕು. ಗಾಜಿನ ಮೇಲಿನ ಫಾಸ್ಟ್‌ಟ್ಯಾಗ್ ಲೀಸ್ ಕಂಪನಿಯ ಅಥವಾ ನಿಮ್ಮ ಕಂಪನಿಯ ಖಾತೆಯದ್ದಾಗಿದ್ದರೆ, ಒಂದು ವಾಹನಕ್ಕೆ ಒಂದೇ ಟ್ಯಾಗ್ ಎಂಬ ನಿಯಮವಿರುವುದರಿಂದ ಹಳೆಯದನ್ನು ಅವರಿಂದ ಮುಚ್ಚಿಸಿದ ಮೇಲೆಯೇ ನಿಮ್ಮ ಬ್ಯಾಂಕಿನಿಂದ ಹೊಸದನ್ನು ತೆಗೆದುಕೊಳ್ಳಿ. ಭದ್ರತಾ ಠೇವಣಿ ಕಟ್ಟಿದ್ದು, ಅದನ್ನು ಮಾರಾಟದ ಬೆಲೆಯಲ್ಲಿ ಹೊಂದಿಸಿಲ್ಲವಾದರೆ ಅದನ್ನು ಹಿಂದಿರುಗಿಸುವಂತೆ ಹೊಸ ಆರ್‌ಸಿಯ ಪ್ರತಿಯೊಂದಿಗೆ ಲೀಸ್ ಕಂಪನಿಗೆ ಬರೆಯಿರಿ. ಕೇಳದಿದ್ದರೆ ಅದು ತಾನಾಗಿ ಬರುವುದನ್ನು ನಾನಂತೂ ಕಂಡಿಲ್ಲ.